ಗುಡ್ಡಪ್ಪನ ನಾಲ್ಕನೇ ಮಾತು

ಕೀಲಿ ಹಿಡಿದ ಕೈಯನ್ನು ಮುಂದಕ್ಕೆ ಚಾಚಿಕೊಂಡು ನಿಂತಿದ್ದ ಗುಡ್ಡಪ್ಪನನ್ನು ಆಟದವನೊಬ್ಬ ಕೊಡಲಿಯಿಂದ ಮೂರು ಏಟು ಹೊಡೆದು ಕೊಂದ. ಬಿದ್ದವನ ಬೆರಳು ಬಿಡಿಸಿ ಕೀಲಿ ತೆಗೆದುಕೊಂಡ. ಚೀಲದಲ್ಲಿದ್ದ ಎರಡು ಒಣರೊಟ್ಟಿಯನ್ನೂ ತೆಗೆದುಕೊಂಡ. ಆಮೇಲೆ ಮೂಡಲ ಬಾಗಿಲು ತೆರೆದು ಹೊರಟುಹೋದ.

ಕೀಲಿ ಎಲ್ಲಿದೆ ಅಂತ ಅವನಿಗೆ ತೋರಿಸಿಕೊಟ್ಟವಳು ನಾನು. ನನ್ನ ಹೆಸರು ದ್ಯಾವಕ್ಕ. ಬಾವಿಕಟ್ಟೆಯಿಂದ ಹದಿನೈದು ಹೆಜ್ಜೆ ಈಚೆಗೆ, ಮೂತಿ ಸುಟ್ಟ ಬಸ್ಸಿನ ನೆರಳಲ್ಲಿ ನನ್ನ ನೀರಿನ ಡ್ರಮ್ಮು ಇದೆ. ಊರಿಗೆಲ್ಲ ಇರುವುದು ಅದೊಂದೇ ನೀರು. ಸೂರ್ಯ ಹುಟ್ಟುವ ಹೊತ್ತಿಗೆ ತಾನಾಗಿ ತುಂಬಿರುತ್ತದೆ. ಡ್ರಮ್ಮಿನ ಪಕ್ಕದಲ್ಲಿ ನೆಲದ ಮೇಲೆ ಸುಣ್ಣದಲ್ಲಿ ಎಳೆದ ಒಂದು ಚೌಕ. ಪಡುವಲ ಬಾಗಿಲ ತಗಡು ಸದ್ದು ಮಾಡಿತು ಅಂದರೆ ಆಟದವರು ಬಂದರು ಅಂತ ಅರ್ಥ. ಆಗ ನಾನು ಹಿಟ್ಟು ನಾದುತ್ತಿರಲಿ, ತಲೆ ಬಾಚುತ್ತಿರಲಿ, ಎಲ್ಲ ಬಿಟ್ಟು ಓಡಿಬಂದು ಆ ಚೌಕದೊಳಗೆ ನಿಲ್ಲಬೇಕು, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಲೋಟ. ಆಟದವರು ನನ್ನ ಮುಂದೆ ಬಂದು ಕೇಳುವುದು ಯಾವಾಗಲೂ ಒಂದೇ, ಕೊಳವೆಯೊಳಗಿಂದ ಬಂದಂಥ ದನಿಯಲ್ಲಿ: "ಮೂಡಲ ಬಾಗಿಲ ಕೀಲಿ ಎಲ್ಲಿ?" ನನ್ನ ಪಾಲಿಗೆ ಬರೆದುಕೊಟ್ಟ ಮಾತೂ ಒಂದೇ: "ಬಾರಪ್ಪಾ, ಬಾಯಾರಿದೀಯ, ಒಂದು ಲೋಟ ಕುಡಿ. ಕೀಲಿ ಬಾವಿಕಟ್ಟೆ ಮುದುಕನ ಕೊರಳಲ್ಲಿದೆ." ಹನ್ನೊಂದು ವರ್ಷ ಇದನ್ನು ಹೇಳಿದ್ದೇನೆ. ಲೋಟ ಹಿಡಿದ ಕೈಯಿಂದಲೇ ಬಾವಿಕಟ್ಟೆಯ ಕಡೆ ತೋರಿಸಬೇಕು ಅಂತಲೂ ಬರೆದಿತ್ತು, ತೋರಿಸಿದ್ದೇನೆ.

ನಮ್ಮ ಊರಲ್ಲಿ ಎಲ್ಲರಿಗೂ ಒಂದೊಂದು ಚೌಕ, ಎಲ್ಲರಿಗೂ ಅಳತೆಯ ಮಾತು. ಪಡುವಲ ಬಾಗಿಲಲ್ಲಿ ನಿಲ್ಲುವವನು ಮೇಸ್ತ್ರಿ ಪರಸಪ್ಪ. "ಸ್ವಾಗತ, ವೀರನೇ. ನಿನ್ನ ದಾರಿಯನ್ನೇ ಕಾಯುತ್ತಿದ್ದೆವು" ಅನ್ನುವುದು ಅವನ ಮಾತು. ನನ್ನ ಎದುರು ಕುಲುಮೆಯ ಜೈನಾಬಿ. "ಅಲಗು ಮೊಂಡಾಗಿದೆಯಾ? ಇಲ್ಲಿ ಕೊಡು, ಸಾಣೆ ಹಿಡೀತೀನಿ" ಅನ್ನುವುದು ಅವಳದು. ಆಟದವರು ಆಚೆ ಹೋದ ಮೇಲೆ ಅವಳು ದಿನವೂ ಪರಸಪ್ಪನನ್ನು ಕೆಣಕುತ್ತಿದ್ದಳು. "ನಾನಂತೂ ಯಾವನ ದಾರೀನೂ ಕಾಯ್ತಿರಲಿಲ್ಲ ಮೇಸ್ತ್ರಿ. ನೀನು ಕಾಯ್ತಿದ್ರೆ ನಿನ್ನ ಮನೆಗೆ ಕರಕೊಂಡು ಹೋಗಿ ಚಾಪೆ ಹಾಸು." ಪರಸಪ್ಪ ಬಾಗಿಲ ಕಂಬದ ಕಡೆ ನೋಡಿಕೊಳ್ಳುತ್ತಿದ್ದ. ಅವನಿಗೆ ಹೆದರಿಕೆ. ಬೆಳಿಗ್ಗೆ ಬಾಗಿಲ ಕಂಬದ ತಗಡಿನ ಡಬ್ಬಿಯಲ್ಲಿ ಚೀಟಿ ಬಿದ್ದಿದ್ದರೆ ಅದನ್ನು ತೆಗೆದು ಅವರವರಿಗೆ ಓದಿ ಹೇಳುವ ಕೆಲಸ ಅವನದು. ಚೀಟಿ ಬರೆಯುವವರನ್ನು ನಾವು ಬರೆಯೋರು ಅಂತಲೇ ಕರೆಯುತ್ತೇವೆ. ಅವರ ಮುಖ ಕಂಡವರು ಯಾರೂ ಇಲ್ಲ.

ಆಟದವರು ಹೇಗಿರುತ್ತಾರೆ ಅಂದರೆ, ಬಂದವನು ಸುಮ್ಮನೆ ನಡೆಯುವುದಿಲ್ಲ, ಕುಪ್ಪಳಿಸುತ್ತಾನೆ. ನನ್ನ ಡ್ರಮ್ಮಿನ ಮೇಲೆ ಹತ್ತುತ್ತಾನೆ. ಜೈನಾಬಿಯ ಮನೆಯ ಮಡಕೆಗಳನ್ನು ಒಂದೊಂದಾಗಿ ಒಡೆಯುತ್ತಾನೆ, ಒಳಗೆ ಏನೂ ಇಲ್ಲ ಅಂತ ಮೊದಲನೆಯದರಲ್ಲೇ ಗೊತ್ತಾದರೂ ಹನ್ನೆರಡನೆಯದರ ತನಕ ಒಡೆಯುತ್ತಾನೆ. ಮಲಗಿದ್ದ ಬಾಣಂತಿಯ ಹಾಸಿಗೆ ಕೆಳಗೆ ಕೈ ಹಾಕುತ್ತಾನೆ. ಒಬ್ಬನಂತೂ ನನ್ನ ಸಾರಿನ ಪಾತ್ರೆಯನ್ನು ತಲೆಗೆ ಹಾಕಿಕೊಂಡು ಅದನ್ನೇ ಟೋಪಿ ಮಾಡಿಕೊಂಡು ಹೋದ. ನಾವು ಚೌಕದೊಳಗೆ ನಿಂತು ನೋಡಬೇಕು. ಸೂರ್ಯ ಹುಟ್ಟಿದರೆ ಮಡಕೆ ಇಡಿಯಾಗುತ್ತದೆ, ಪಾತ್ರೆ ಒಲೆಯ ಮೇಲಿರುತ್ತದೆ, ಗುಡ್ಡಪ್ಪ ಕಟ್ಟೆಯ ಮೇಲೆ ಎದ್ದು ಕೂತಿರುತ್ತಾನೆ, ಕೀಲಿ ಕೊರಳಲ್ಲಿರುತ್ತದೆ. ಎಲ್ಲ ಮೊದಲಿನಂತೆ ಆಗುತ್ತದಲ್ಲ, ಮತ್ತೆ ಯಾರಿಗೆ ಏನು ನಷ್ಟ ಅಂತ ಒಂದು ಸಲ ಚೀಟಿಯಲ್ಲಿ ಬರೆದಿದ್ದರು. ಎದ್ದು ಕೂತವನನ್ನು ಅವರು ಕೇಳಿರಲಿಲ್ಲ.

ಕೇಳಿದ್ದರೆ ಗೊತ್ತಾಗುತ್ತಿತ್ತು. ಸತ್ತು ಎದ್ದವನು ಇಡಿಯಾಗಿ ಏಳುವುದಿಲ್ಲ. ಪ್ರತಿ ಸಲ ಒಳಗಿನ ಒಂದು ಚೂರು ಹೋಗಿರುತ್ತದೆ. ಏನು ಹೋಯಿತು ಅಂತ ಅವನಿಗೂ ತಿಳಿಯುವುದಿಲ್ಲ, ಹುಡುಕಬೇಕು. ನಮ್ಮಲ್ಲಿ ಅದಕ್ಕೆ ತಡಕುವುದು ಅಂತ ಹೇಳುತ್ತೇವೆ. ಹತ್ತಿರದವರು ಬೆಳಿಗ್ಗೆ ಹೋಗಿ ಮುಂದೆ ಕೂತು ಒಂದೊಂದಾಗಿ ಕೇಳುತ್ತಾ ಹೋಗಬೇಕು. ಗುಡ್ಡಪ್ಪನಿಗೆ ಹತ್ತಿರದವರು ಅಂತ ಯಾರೂ ಉಳಿದಿರಲಿಲ್ಲ, ಹಾಗಾಗಿ ನಾನೇ ಹೋಗುತ್ತಿದ್ದೆ. ಉಪ್ಪು ಹೇಗಿರುತ್ತೆ, ಎಡಗೈ ಯಾವುದು, ನಿನ್ನ ಹೆಂಡತಿ ಹೆಸರೇನು. ಹೆಂಡತಿಯ ಹೆಸರು ಮೂರು ವರ್ಷದ ಹಿಂದೆ ಹೋಗಿತ್ತು. ಕಾಡಮ್ಮ ಅಂತ ನಾನು ಹೇಳಿಕೊಟ್ಟೆ. "ಇರಬಹುದು" ಅಂದ. ನಿಧಾನವಾಗಿ ಎರಡು ಸಲ ಹೇಳಿಕೊಂಡ. ಮಾರನೆಯ ದಿನ ನಾನು ಕೇಳುವುದಕ್ಕೆ ಮೊದಲೇ "ಕಾಡಮ್ಮ, ನೆನಪಿದೆ, ನೀನು ಹೇಳಿದ್ದು" ಅಂದ. ಹೇಳಿಕೊಟ್ಟದ್ದು ಉಳಿಯುತ್ತದೆ. ಆದರೆ ಹೇಳಿಕೊಟ್ಟದ್ದಾಗಿ ಉಳಿಯುತ್ತದೆ.

ಇಷ್ಟು ಹತ್ತಿರ ಕೂತರೂ ನಾನು ಅವನ ಪಾಲಿನ ಮಾತು ಏನು ಅಂತ ಕೇಳಿದವಳಲ್ಲ. ನಮ್ಮ ಊರಲ್ಲಿ ಹಾಗೆ ಕೇಳುವುದಿಲ್ಲ. ಒಬ್ಬರ ಪಾಲಿನ ಮಾತನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳುವುದು ಸ್ನಾನ ಮಾಡುವವರನ್ನು ಸಂದಿಯಿಂದ ನೋಡಿದ ಹಾಗೆ. ಪಕ್ಕದವರ ಮಾತು ಶುರುವಾದರೆ ನಾವು ಗಂಟಲಲ್ಲೇ ಹೂಂ ಅಂತ ಒಂದು ರಾಗ ಎಳೆಯುತ್ತೇವೆ, ಕೇಳಿಸದ ಹಾಗೆ. ಚಿಕ್ಕ ಮಾತು ಹೇಗೂ ಕಿವಿಗೆ ಬೀಳುತ್ತದೆ, ಗುಡ್ಡಪ್ಪನದು ಉದ್ದ. ಹನ್ನೊಂದು ವರ್ಷದಲ್ಲಿ ನನ್ನ ಹೂಂಕಾರ ದಾಟಿ ಬಂದದ್ದು ಸ್ವಲ್ಪವೇ. "ಕೂತ್ಕೊ ಮಗಾ, ನಿಂತವರಿಗೆ ಹೇಳೋ ಮಾತಲ್ಲ ಇದು" ಅಂತ ಗುಡ್ಡಪ್ಪ ಶುರು ಮಾಡುತ್ತಿದ್ದ. ಯಾರೂ ಕೂರುತ್ತಿರಲಿಲ್ಲ. ಎರಡನೆಯ ಮಾತಲ್ಲಿ "ಈ ಬಾವೀಲಿ ನೀರಿತ್ತು" ಅನ್ನುವಷ್ಟರಲ್ಲಿ ಆಟದವನು ಕೈ ಬೀಸಿಬಿಡುತ್ತಿದ್ದ. ಕೈ ಬೀಸಿದರೆ ಮಾತು ತುಂಡಾಗಬೇಕು, ಅದು ನಿಯಮ. ಆಮೇಲೆ ಕೊಡಲಿಯೋ ಕೋವಿಯೋ. ನಾವೆಲ್ಲ ಏನಂದುಕೊಂಡಿದ್ದೆವು ಅಂದರೆ, ಇವನು ಬತ್ತಿದ ಬಾವಿಯ ಚಿಂತೆಯಲ್ಲಿ ಕೊರಗುವ ಮುದುಕ, ಕೀಲಿ ಕೊಡಲೊಲ್ಲದ ಹಟಮಾರಿ. ಕೊಟ್ಟುಬಿಡಬಾರದಾ, ದಿನಾ ಸಾಯೋದು ತಪ್ಪುತ್ತೆ ಅಂತ ಒಂದು ಸಲ ನಾನೇ ಬೈದಿದ್ದೆ. ಅವನು ಗಡ್ಡ ತುರಿಸಿಕೊಂಡು, "ಅದು ನನ್ನ ಮಾತಿನೊಳಗಿದೆ ದ್ಯಾವಕ್ಕ" ಅಂದ. ಹಾಗಂದ ಮೇಲೆ ಮುಂದೆ ಕೇಳುವ ಹಾಗಿಲ್ಲ. ನಾನೂ ಮರ್ಯಾದಸ್ಥೆ, ಸುಮ್ಮನಾದೆ. ನನ್ನ ಮರ್ಯಾದೆಗೆ ಬೆಂಕಿ ಬೀಳಲಿ.

ಕೈ ಚಾಚಿ ನಿಂತವನನ್ನು ಕೊಂದ ಅಂದೆನಲ್ಲ, ಆ ದಿನ ಬಂದವನು ಮೊದಲು ನನ್ನ ಡ್ರಮ್ಮಿನ ನೀರನ್ನೆಲ್ಲ ಕುಡಿದ. ಬಾಯಾರಿಕೆ ಇತ್ತು ಅಂತಲ್ಲ, ಕುಡಿಯುವುದಕ್ಕೆ ಆಗುತ್ತದೆ ಅಂತ ಕುಡಿದ. ಜೈನಾಬಿಯ ಹತ್ತಿರ ಕೊಡಲಿ ಸಾಣೆ ಹಿಡಿಸಿಕೊಂಡ. ಆಮೇಲೆ ಬಾವಿಕಟ್ಟೆಯ ಮುಂದೆ ಹೋಗಿ ನಿಂತ. ಗುಡ್ಡಪ್ಪ "ಕೂತ್ಕೊ ಮಗಾ" ಅಂದ. ಅಷ್ಟರಲ್ಲಿ ಅವನು ಗೂಟವಾಗಿಬಿಟ್ಟ. ಆಟದವರಿಗೆ ಒಮ್ಮೊಮ್ಮೆ ಹೀಗಾಗುತ್ತದೆ. ಮೈ ಇಲ್ಲೇ ನಿಂತಿರುತ್ತದೆ, ಒಳಗಿದ್ದವನು ಎಲ್ಲಿಗೋ ಎದ್ದುಹೋಗಿರುತ್ತಾನೆ. ಊಟಕ್ಕೆ ಹೋಗುತ್ತಾರೆ ಅಂತ ಜೈನಾಬಿ ಹೇಳುತ್ತಾಳೆ. ಅವನು ವಾಪಸು ಬರುವ ತನಕ ನಾವು ಯಾರೂ ಚೌಕ ಬಿಡುವ ಹಾಗಿಲ್ಲ. ನೆತ್ತಿಯ ಮೇಲೆ ಬಿಸಿಲು. ಡ್ರಮ್ಮು ಖಾಲಿ. ನನ್ನ ಗಂಟಲು ಒಣಗಿ ತೊಗಲಾಗಿತ್ತು, ಹೂಂ ಅನ್ನಲು ಹೋದರೆ ಗಾಳಿ ಮಾತ್ರ ಬಂತು. ಎರಡು ಕೈಯಲ್ಲೂ ಸಾಮಾನು, ಕಿವಿ ಮುಚ್ಚಿಕೊಳ್ಳುವ ಹಾಗೂ ಇಲ್ಲ. ಕೈ ಬೀಸುವವನು ಊಟಕ್ಕೆ ಹೋಗಿದ್ದ. ಗುಡ್ಡಪ್ಪನ ಮಾತು ಮುಂದೆ ಹೋಯಿತು.

"ಬೆಂಕಿ ಬಿದ್ದು ಲೋಕ ಮುಗೀತು ಅಂತಾರೆ. ಅದಕ್ಕೂ ಮುಂಚೆ ಈ ಬಾವೀಲಿ ನೀರಿತ್ತು, ನಮ್ಮ ಕೇರಿಯವರು ಹಗ್ಗ ಮುಟ್ಟೋ ಹಾಗಿರಲಿಲ್ಲ. ಬೇಸಗೇಲಿ ನಮ್ಮ ಮಕ್ಕಳು ಕೆಸರು ಸೋಸಿ ಕುಡಿದು ಸತ್ತರು. ಆಗ ಯಾರೂ ಲೋಕ ಮುಗೀತು ಅನ್ನಲಿಲ್ಲ. ಈಗ ಬಾವಿ ಎಲ್ಲರಿಗೂ ಬತ್ತಿದೆ, ಈಗ ಮುಗೀತು ಅಂತಾರೆ." ಇದು ಎರಡನೆಯ ಮಾತು. ಸ್ವಲ್ಪ ಉಸಿರು ತೆಗೆದುಕೊಂಡು ಮೂರನೆಯದನ್ನು ಹೇಳಿದ. "ನೀನು ತೆರೀಬೇಕು ಅಂತಿರೋ ಬಾಗಿಲ ಆಚೆ ಏನಿದೆ ನನಗೆ ಗೊತ್ತಿಲ್ಲ. ಈಚೆ ಏನಿದೆ ಅಂತ ನೀನು ನೋಡಿದ್ಯಾ? ಒಬ್ಬಳು ನೀರು ಕೊಟ್ಟಳು, ಒಬ್ಬಳು ನಿನ್ನ ಅಲಗು ಮಸೆದಳು. ಅವರ ಹೆಸರು ಕೇಳಿದ್ಯಾ?" ಗೂಟವಾಗಿ ನಿಂತವನ ಕಣ್ಣಿನ ಮೇಲೆ ಒಂದು ನೊಣ ಕೂತಿತ್ತು. ಗುಡ್ಡಪ್ಪ ಕೊರಳಿನ ದಾರಕ್ಕೆ ಕೈ ಹಾಕಿದ. ದಾರ ತಲೆಯಿಂದ ತೆಗೆದ. ಕೀಲಿಯನ್ನು ಅಂಗೈಯಲ್ಲಿಟ್ಟು ಚಾಚಿದ. "ಇಲ್ಲೀತನಕ ಕೇಳಿದೆಯಲ್ಲ, ನನಗೆ ಬೇಕಾಗಿದ್ದು ಅಷ್ಟೇ. ತಗೊ. ನನ್ನ ಕೈಯಿಂದಲೇ ತಗೊ."

ನನ್ನ ಕೈಯ ಲೋಟ ಕೆಳಗೆ ಬಿತ್ತು. ನಾಲ್ಕೇ ಮಾತು. ಹಿಟ್ಟು ಕಲಸುವಷ್ಟು ಹೊತ್ತೂ ಬೇಡ. ಅಷ್ಟು ಹೊತ್ತು ಒಬ್ಬ, ಈ ಹನ್ನೊಂದು ವರ್ಷದಲ್ಲಿ ಬಂದ ಸಾವಿರಾರು ಜನರಲ್ಲಿ ಒಬ್ಬ, ಕೈ ಬೀಸದೆ ನಿಂತಿದ್ದರೆ ಕೀಲಿ ಅವನ ಕೈಗೆ ಬರುತ್ತಿತ್ತು. ಕೊಲ್ಲಲೇಬೇಕಾಗಿದ್ದ ಒಂದು ದಿನವೂ ಇರಲಿಲ್ಲ. ಬಿಸಿಲು ಇಳಿಯುವ ತನಕ ಗುಡ್ಡಪ್ಪ ಹಾಗೇ ಕೈ ಚಾಚಿ ನಿಂತಿದ್ದ. ತೋಳು ನಡುಗುತ್ತಿತ್ತು, ಇಳಿಸಲಿಲ್ಲ. ಅವನ ಮುಖ ನೋಡಿದೆ. ಮದುವೆ ಮನೆಯ ಬಾಗಿಲಲ್ಲಿ ನೆಂಟರಿಗೆ ಕಾಯುವವರ ಮುಖ ಅದು. ಊಟ ಮುಗಿಸಿದವನು ವಾಪಸು ಬಂದ. ಮೈ ಅಲ್ಲಾಡಿತು. ಕತ್ತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿತು. ಕಣ್ಣ ಮುಂದೆ ಚಾಚಿದ್ದ ಕೈಯನ್ನು ನೋಡಿದನೋ ಇಲ್ಲವೋ. ಮೂರು ಏಟು.

ಬೆಳಿಗ್ಗೆ ಸೂರ್ಯ ಪೂರ್ತಿ ಮೇಲೆ ಬರುವ ಮೊದಲೇ ನಾನು ಕಟ್ಟೆಯ ಮುಂದೆ ಕೂತಿದ್ದೆ. ಗುಡ್ಡಪ್ಪ ಎದ್ದ, ಕುತ್ತಿಗೆ ತಡವಿಕೊಂಡ. "ತಡಕು ನೋಡೋಣ, ಇವತ್ತು ಯಾವುದು ಹೋಗಿದೆ" ಅಂದ. ಉಪ್ಪು ಇತ್ತು. ಎಡಗೈ ಇತ್ತು. ಕಾಡಮ್ಮ ಇದ್ದಳು, ನಾನು ಹೇಳಿಕೊಟ್ಟ ಕಾಡಮ್ಮ. ಕಾಗೆ ಹೇಗೆ ಕೂಗುತ್ತೆ ಅಂದೆ, ಕೂಗಿ ತೋರಿಸಿದ. ಎಲ್ಲ ಇದೆ. ಕೇಳದೆ ಉಳಿದದ್ದು ಒಂದೇ.

"ನಿನ್ನ ಪಾಲಿನ ಮಾತು ಹೇಳು ಗುಡ್ಡಣ್ಣ" ಅಂದೆ.

ಅವನು ನನ್ನನ್ನು ದುರುಗುಟ್ಟಿ ನೋಡಿದ. "ನಾಲಿಗೆ ಬಿಗಿಹಿಡಿದು ಮಾತಾಡು."

"ನಾನು ನಿನ್ನೆ ಕೇಳಿಸಿಕೊಂಡೆ. ಪೂರ್ತಿ. ಬೈಯೋದಾದ್ರೆ ಆಮೇಲೆ ಬೈ. ಈಗ ಹೇಳು."

ಅವನು ಮುಖ ಆಚೆ ತಿರುಗಿಸಿಕೊಂಡು, ಬಟ್ಟೆ ಬಿಚ್ಚುವವರ ಹಾಗೆ ನಾಚಿಕೆಯಿಂದ, ಒಂದನೆಯದು ಹೇಳಿದ. ಎರಡನೆಯದು ಹೇಳಿದ. ಹೆಸರು ಕೇಳಿದ್ಯಾ ಅನ್ನುವ ತನಕ ಬಂದ. ಬಾಯಿ ತೆರೆದೇ ಇತ್ತು. ಒಳಗಿಂದ ಏನೂ ಬರಲಿಲ್ಲ. "ಇಷ್ಟೇನಾ?" ಅಂತ ನನ್ನನ್ನೇ ಕೇಳಿದ.

ಇಷ್ಟೇ ಅಲ್ಲ ಅಂತ ಲೋಕದಲ್ಲಿ ಗೊತ್ತಿದ್ದವಳು ಆಗ ನಾನೊಬ್ಬಳೇ. ಇನ್ನೊಬ್ಬರ ಪಾಲಿನ ಮಾತನ್ನು ನಮ್ಮ ಬಾಯಲ್ಲಿ ಆಡುವುದು ನಮ್ಮ ಊರಲ್ಲಿ ಯಾರೂ ಮಾಡದ ಕೆಲಸ. ನಾನು ಆಡಿದೆ. ಇಲ್ಲೀತನಕ ಕೇಳಿದೆಯಲ್ಲ, ನನಗೆ ಬೇಕಾಗಿದ್ದು ಅಷ್ಟೇ. ತಗೊ. ನನ್ನ ಕೈಯಿಂದಲೇ ತಗೊ. ಅವನು ಕೇಳಿದ. ಇನ್ನೊಂದು ಸಲ ಹೇಳು ಅಂದ. ಹೇಳಿದೆ. "ಒಳ್ಳೇ ಮಾತು" ಅಂದ, ಬೇರೆ ಯಾರದೋ ಮಾತನ್ನು ಹೊಗಳುವ ಹಾಗೆ. ನನಗೆ ಅಳು ಬಂತು. "ಗುಡ್ಡಣ್ಣ, ಹನ್ನೊಂದು ವರ್ಷ ನಿನ್ನ ಕಡೆ ಬೆರಳು ತೋರಿಸಿದ್ದು ನಾನು. ನೀನು ಕೊಡೋನು ಅಂತ ಗೊತ್ತಿದ್ರೆ, ಕೂತು ಕೇಳ್ರೋ ಅಂತ ಒಂದು ಮಾತು ಸೇರಿಸ್ತಿದ್ದೆ" ಅಂದೆ.

"ಸೇರಿಸೋಕೆ ಬಿಡ್ತಿದ್ರಾ?"

"ಕದ್ದು ಸೇರಿಸ್ತಿದ್ದೆ."

ಅವನು ನಕ್ಕ. ಆಮೇಲೆ ದಾರದ ಮೇಲೆ ಕೈಯಿಟ್ಟುಕೊಂಡು ಕಲಿಯತೊಡಗಿದ, ಅಕ್ಷರ ತಿದ್ದುವವರ ಹಾಗೆ. ಮೊದಮೊದಲು ಬಾಯಿ ಹೇಳಿದರೆ ಕೈ ಏಳುತ್ತಿರಲಿಲ್ಲ, ಕೈ ಎದ್ದರೆ ಬಾಯಿ ನಿಲ್ಲುತ್ತಿತ್ತು. ಆ ಬೆಳಿಗ್ಗೆ ನಮ್ಮ ಪುಣ್ಯ, ತಗಡು ಸದ್ದು ಮಾಡಲಿಲ್ಲ. ಜೈನಾಬಿ ಕುಲುಮೆ ಬಿಟ್ಟು ಬಂದು ಕೂತಳು. ವಿಷಯ ಗೊತ್ತಾದಾಗ ಅವಳು ತನ್ನ ಎರಡೂ ಅಂಗೈಯನ್ನು ಮೊಳಕಾಲ ಮೇಲೆ ಮಗುಚಿಟ್ಟುಕೊಂಡಳು. "ನಿನ್ನೆ ಆ ಕೊಡಲಿ ಎಷ್ಟು ಚೆನ್ನಾಗಿ ಮಸೆದೆ ಅಂತ ನಾನೇ ಬೀಗಿದ್ದೆ ಕಣೇ. ಕೂದಲು ಹಿಡಿದು ನೋಡಿದೆ, ಎರಡಾಯ್ತು" ಅಂದಳು. ಆಮೇಲೆ ಗುಡ್ಡಪ್ಪನ ಕಡೆ ತಿರುಗಿ, "ಈ ಮಾತು ಬರೆದೋನು ಯಾವನಪ್ಪ? ಅವರಲ್ಲೂ ಒಬ್ಬ ಮನುಷ್ಯ ಇದ್ದ ಅಂತಾಯ್ತು" ಅಂದಳು.

"ಬರೆದೋನು ಒಂದು ಸಲ ಬರೆದ" ಅಂದ ಗುಡ್ಡಪ್ಪ. "ಬರೆದು ಕೈ ತೊಳ್ಕೊಂಡು ಹೋದ. ನಾನು ಸತ್ತು ಸತ್ತು ಹೇಳಿದೆ. ನಿನ್ನೆ ಕಳಕೊಂಡೆ, ಇವತ್ತು ಇವಳ ಹತ್ರ ಬೇಡಿ ಕಲಿತೆ. ಈಗ ಹೇಳು ಜೈನವ್ವ, ಈ ಮಾತು ಯಾರದು?"

ಮಧ್ಯಾಹ್ನದ ಹೊತ್ತಿಗೆ ಮೂರನೆಯ ಮಾತು ಮುಗಿಯುತ್ತಿದ್ದ ಹಾಗೇ ಅವನ ಕೈ ತಾನಾಗಿ ದಾರಕ್ಕೆ ಹೋಯಿತು. ಕೀಲಿ ನನ್ನ ಮುಂದೆ ಬಂತು. ನಾನು ಅವನ ಕೈಯಿಂದಲೇ ತೆಗೆದುಕೊಂಡೆ. ಹಗುರ ಇತ್ತು, ತುಕ್ಕು ಹಿಡಿದಿತ್ತು. ಇಷ್ಟಕ್ಕೆ ಸಾವಿರ ಸಾವು. ವಾಪಸು ಅವನ ಕೊರಳಿಗೆ ಹಾಕಿದೆ.

ಆಗ ಪರಸಪ್ಪ ಬಂದ. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಹೊಸ ಕೊಡಲಿ. ಮುಖ ಕೆಳಗೆ ಹಾಕಿಕೊಂಡೇ ಓದಿದ. "ಬಾವಿಕಟ್ಟೆ ಗುಡ್ಡಪ್ಪ. ನಾಳೆ ಬೆಳಗಿನಿಂದ ನಾಲ್ಕು ಮಾತು ರದ್ದು. ಬದಲಿಗೆ ಒಂದು ಮಾತು: ಜೀವ ಇರೋತನಕ ಕೀಲಿ ಕೊಡಲ್ಲ." ಗಂಟಲು ಸರಿಮಾಡಿಕೊಂಡ. "ನೀರಿನ ದ್ಯಾವಕ್ಕ. ಹಳೇ ಮಾತು ರದ್ದು. ಬದಲಿಗೆ: ಮುದುಕ ಮಾತಿಗೆ ಬಗ್ಗೋನಲ್ಲ, ತಗೊ ಈ ಕೊಡಲಿ. ಹೇಳಿ ಕೊಡಲಿ ಕೈಗೆ ಕೊಡತಕ್ಕದ್ದು."

ಗುಡ್ಡಪ್ಪ ಇನ್ನೊಂದು ಸಲ ಓದಿಸಿದ. "ನಾನು ಯಾವತ್ತು ಕೊಡಲ್ಲ ಅಂದಿದ್ದೆ?" ಅಂತ ಕೇಳಿದ. ಕೋಪದಿಂದಲ್ಲ, ನಿಜವಾಗಿ ಕೇಳಿದ. ಅದೂ ತಾನು ಮರೆತದ್ದೇ ಇರಬಹುದೇನೋ ಅನ್ನುವ ಹಾಗೆ ನನ್ನ ಮುಖ ನೋಡಿದ. ಯಾವತ್ತೂ ಅಂದಿಲ್ಲ ಗುಡ್ಡಣ್ಣ ಅಂತ ನಾನು ಹೇಳಬೇಕಾಯಿತು.

"ಆಟದವರಿಂದ ದೂರು ಬಂದಿದೆಯಂತೆ" ಅಂದ ಪರಸಪ್ಪ. "ಮುದುಕ ಉದ್ದ ಎಳೀತಾನೆ, ಬೇಜಾರಾಗುತ್ತೆ ಅಂತ."

"ಬೇಜಾರಾದ್ರೆ ಸಾಯಿಸಬೇಕಾ?" ಅಂದಳು ಜೈನಾಬಿ. "ನನಗೆ ನಿನ್ನ ಕಂಡ್ರೆ ದಿನಾ ಬೇಜಾರು. ನೀನಿನ್ನೂ ಬದುಕಿದೀಯಲ್ಲ."

"ನನ್ನ ಮೇಲೆ ಹಾರಬೇಡ ತಾಯಿ. ನಾನೇನು ಬರೆದ್ನಾ? ನಾನು ಓದೋನು."

"ಓದೋನು ಇಲ್ದಿದ್ರೆ ಬರೆಯೋನು ಏನು ಮಾಡ್ತಿದ್ದ? ಬರೆದದ್ದನ್ನ ನೆಕ್ಕಿಕೊಳ್ತಿದ್ದ."

ನಾನು ಎದ್ದು ನಿಂತೆ. "ಪರಸಪ್ಪ, ಇವನು ಕೊಡ್ತಾನೆ. ನಾಲ್ಕು ಮಾತು ಕೇಳಿದೋರಿಗೆ ತಾನಾಗೇ ಕೊಡ್ತಾನೆ. ನಿನಗೆ ಗೊತ್ತಿತ್ತಾ?" ಅಂದೆ.

ಅವನು ಚೀಟಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಅಷ್ಟರಲ್ಲೇ ನನಗೆ ತಿಳಿಯಿತು. ಎಲ್ಲರ ಚೀಟಿಯನ್ನೂ ಓದಿದವನಲ್ಲವೇ. ಹನ್ನೊಂದು ವರ್ಷದಿಂದ ಗೊತ್ತಿತ್ತು. "ನನಗೆ ಗೊತ್ತಿದ್ದು ಏನು ಬಂತು?" ಅಂದ. "ಬಳೆ ಸಾಕವ್ವನ್ನ ಮರೆತೆಯಾ?"

ಮರೆತಿರಲಿಲ್ಲ. ಬಳೆ ಸಾಕವ್ವನ ಪಾಲಿನ ಮಾತು "ಕಳೆದುಹೋದ ನನ್ನ ಮಗಳನ್ನು ಹುಡುಕಿಕೊಡು, ವೀರನೇ" ಅಂತ. ಅವಳಿಗೆ ಮಗಳೇ ಇರಲಿಲ್ಲ. ಆರು ವರ್ಷ ದಿನವೂ ಇಲ್ಲದ ಮಗಳಿಗಾಗಿ ಅತ್ತು ಅತ್ತು, ಒಂದು ದಿನ ಆಟದವನ ಮುಂದೆ "ನನಗೆ ಮಗಳಿಲ್ಲಪ್ಪ, ಹೋಗು" ಅಂದುಬಿಟ್ಟಳು. ಮಾರನೆಯ ಬೆಳಿಗ್ಗೆ ಮಡಕೆಗಳೆಲ್ಲ ಇಡಿಯಾಗಿದ್ದವು. ಅವಳ ಚೌಕಕ್ಕೆ ಹೊಸ ಸುಣ್ಣ ಬಳಿದಿತ್ತು. ಅವಳು ಮಾತ್ರ ಇರಲಿಲ್ಲ. ಆ ಚೌಕವನ್ನು ಈಗಲೂ ನಾವು ಸುತ್ತು ಹಾಕಿಕೊಂಡು ಹೋಗುತ್ತೇವೆ.

"ನೋಡು ದ್ಯಾವಕ್ಕ" ಅಂದ ಪರಸಪ್ಪ, ದನಿ ತಗ್ಗಿಸಿ. "ಹೇಗೂ ಎದ್ದು ಕೂರ್ತಾನೆ. ಮೊದಲೂ ಸಾಯ್ತಿದ್ದ, ಮುಂದೂ ಸಾಯ್ತಾನೆ. ವ್ಯತ್ಯಾಸ ಏನು? ಎರಡು ಮಾತು ಹೇಳಿದ್ರೆ ನೀನೂ ಇರ್ತೀಯ, ಅವನೂ ಇರ್ತಾನೆ."

"ಏನಾಗಿ ಇರ್ತಾನೆ?" ಅಂದೆ. "ಕೊಡೋನು ಕೊಡಲ್ಲ ಅಂದುಕೊಂಡು ಇರ್ತಾನೆ. ಇನ್ನು ಹತ್ತು ಸಲ ಸತ್ತರೆ ಅದೇ ನಿಜ ಅಂದುಕೊಳ್ತಾನೆ. ಆಮೇಲೆ ನಾನು ಬಂದು ನೀನು ಒಳ್ಳೆಯವನಾಗಿದ್ದೆ ಗುಡ್ಡಣ್ಣ ಅಂದ್ರೆ, ಇರಬಹುದು ಅಂತಾನೆ."

ಪರಸಪ್ಪ ಕೊಡಲಿಯನ್ನು ನನ್ನ ಡ್ರಮ್ಮಿಗೆ ಒರಗಿಸಿಟ್ಟು ಹೋದ. ಹೋಗುವಾಗ ಗುಡ್ಡಪ್ಪನ ಕಡೆ ನೋಡಲಿಲ್ಲ. ಗುಡ್ಡಪ್ಪ ನನ್ನನ್ನು ಕರೆದು ಪಕ್ಕ ಕೂರಿಸಿಕೊಂಡ. "ನಿನಗೆ ಏನೂ ಹೇಳಲ್ಲ ನಾನು" ಅಂದ. "ಹೇಳು ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ನಿನಗೆ ಬೇರೆಯವರು ಹೇಳಿಕೊಟ್ಟದ್ದು ಆಗಲೇ ಬೇಕಾದಷ್ಟಾಯ್ತು. ಆದರೆ ನಾಳೆ ನಾನು ನನ್ನ ನಾಲ್ಕನ್ನೇ ಹೇಳ್ತೀನಿ. ಆ ಒಂದು ನನ್ನ ಬಾಯಿಗೆ ಬರಲ್ಲ." ಆಮೇಲೆ, "ನಾಲ್ಕನೇದು ಇನ್ನೊಂದು ಸಲ ಹೇಳು, ಕೈ ಸರಿಯಾಗಿ ಬರುತ್ತಾ ನೋಡೋಣ" ಅಂದ.

ಮಾರನೆಯ ಬೆಳಿಗ್ಗೆ ಡ್ರಮ್ಮು ತುಂಬಿತ್ತು. ನಾನು ಮುಖ ತೊಳೆದು, ತಲೆ ಬಾಚಿಕೊಂಡು ನಿಂತೆ. ಬಾಗಿಲ ತಗಡು ಸದ್ದು ಮಾಡಿತು. ಬಂದವನು ಹೊಸಬ, ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಎರಡು ಸಲ ಗೋಡೆಗೆ ಹಾಯ್ದ. ಕೈ ಖಾಲಿ. ಪರಸಪ್ಪನ ಸ್ವಾಗತ ಕೇಳಿಸಿತು, ದನಿ ಒಡೆದಿತ್ತು. ಜೈನಾಬಿಯ ಮುಂದೆ ಅವನು ನಿಂತಾಗ ಅವಳು ತನ್ನ ಮಾತು ಹೇಳಿದಳು, ಮಸೆಯಲು ಅವನ ಹತ್ತಿರ ಏನೂ ಇರಲಿಲ್ಲ. ಕುಲುಮೆ ತಣ್ಣಗಿತ್ತು, ಅವಳು ಅವತ್ತು ಬೆಂಕಿ ಹಾಕಿರಲಿಲ್ಲ. ಅವನು ನನ್ನ ಮುಂದೆ ಬಂದ. "ಮೂಡಲ ಬಾಗಿಲ ಕೀಲಿ ಎಲ್ಲಿ?"

ನಾನು ಕೊಡಲಿ ಎತ್ತಿಕೊಂಡೆ. ತನ್ನ ಚೌಕದಲ್ಲೇ ಬಾಗಿಲ ಕಂಬದ ಮರೆಗೆ ಸರಿದು ನಿಂತಿದ್ದ ಪರಸಪ್ಪ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. ಒಳ್ಳೆ ಭಾರದ ಕೊಡಲಿ. ನಾನು ಸುಣ್ಣದ ಗೆರೆಯಾಚೆ ಕಾಲಿಟ್ಟೆ. ಆಟದವರು ಎದುರಿಗಿರುವಾಗ ಆ ಗೆರೆ ದಾಟಿದ್ದು ಅದೇ ಮೊದಲು. ಏನೂ ಆಗಲಿಲ್ಲ, ನೆಲ ಅಲ್ಲೂ ನೆಲವೇ ಆಗಿತ್ತು. ಹದಿನೈದು ಹೆಜ್ಜೆ ನಡೆದು ಬಾವಿಯೊಳಕ್ಕೆ ಕೊಡಲಿ ಹಾಕಿದೆ. ಬಹಳ ಹೊತ್ತಾದ ಮೇಲೆ ತಳದಲ್ಲಿ ಕಲ್ಲಿಗೆ ಬಡಿದ ಸದ್ದು ಬಂತು. ಗುಡ್ಡಪ್ಪ ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಅವನ ತುಟಿ ಅಲ್ಲಾಡುತ್ತಿತ್ತು, ಕೈ ದಾರದ ಮೇಲಿತ್ತು. ನಾನು ಪಕ್ಕದಲ್ಲಿ ಕೂತೆ.

ಹೊಸಬ ಕುಪ್ಪಳಿಸುತ್ತಾ ನನ್ನ ಹಿಂದೆಯೇ ಬಂದಿದ್ದ. "ಮೂಡಲ ಬಾಗಿಲ ಕೀಲಿ ಎಲ್ಲಿ?" ಅಂತ ಮತ್ತೆ ನನ್ನನ್ನೇ ಕೇಳಿದ.

"ವಾಪಸು ಹೋಗಿ ಚೌಕದಲ್ಲಿ ನಿಲ್ಲು ದ್ಯಾವಕ್ಕ" ಅಂತ ಕಂಬದ ಹಿಂದಿಂದ ಪರಸಪ್ಪ ಅಂದ. ಅಳುತ್ತಿದ್ದನೋ ಏನೋ. "ಕೊಡಲಿ ಹೋದರೆ ಹೋಗಲಿ. ಮಾತಾದ್ರೂ ಹೇಳು. ನಿನ್ನ ಕಾಲಿಗೆ ಬೀಳ್ತೀನಿ, ಮುದುಕ ಮಾತಿಗೆ ಬಗ್ಗೋನಲ್ಲ ಅಂತ ಅಷ್ಟೇ ಅಂದುಬಿಡು."

"ಹೇಳಲ್ಲ" ಅಂದೆ.